ಘಟ್ಟದ ಬುಡದಲ್ಲಿ ಮನೆ: ಯಾವ ಊರು ಸರಿ?

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ. ಅಲ್ಲಿಂದ ತೀರ್ಥಹಳ್ಳಿ ಹಾದು ಪೂರ್ವಕ್ಕೆ ಸುಮಾರು ನೂರು ಕಿ.ಮೀ. ಬಂದರೆ ಶಿವಮೊಗ್ಗ, ಅಲ್ಲಿ ಬೀಳುವುದು ಸಾವಿರದ ಆಸುಪಾಸು. ಮಡಿಕೇರಿಯಿಂದ ಕುಶಾಲನಗರಕ್ಕೆ ಮೂವತ್ತೇ ಕಿ.ಮೀ., ಮಳೆ ಮಾತ್ರ ಅರ್ಧಕ್ಕೂ ಕಮ್ಮಿ. ಹಾಗಾಗಿ "ಮಲೆನಾಡಿನಲ್ಲಿ ಒಂದು ಒಳ್ಳೆ ಊರು ಹೇಳಿ, ಅಲ್ಲಿಗೇ ಬಂದುಬಿಡ್ತೀವಿ" ಎನ್ನುವವರಿಗೆ ತಟ್ಟನೆ ಉತ್ತರ ಕೊಡಲಾಗುವುದಿಲ್ಲ. ಘಟ್ಟದ ಮೇಲೋ, ಕೆಳಗೋ? ನೆತ್ತಿಗೆ ತಾಗಿದ ಊರೋ, ಅರೆಮಲೆನಾಡೋ? ಇಷ್ಟು ತೀರ್ಮಾನವಾದ ಮೇಲೆ ಊರಿನ ಹೆಸರು ಬರಬೇಕು.

ಈ ಪ್ರಶ್ನೆ ಕೇಳುವವರು 2020ರಿಂದೀಚೆಗೆ ಹೆಚ್ಚಾಗಿದ್ದಾರೆ. ಲಾಕ್‌ಡೌನಿನಲ್ಲಿ ಊರಿಗೆ ಬಂದು ಕಂಪ್ಯೂಟರು ಇಟ್ಟುಕೊಂಡು ಕೂತವರಲ್ಲಿ ಕೆಲವರು ವಾಪಸು ಹೋಗಲೇ ಇಲ್ಲ. ಅದೇ ವರ್ಷ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು 79ಎ, 79ಬಿ ಕಲಮುಗಳು ಹೋದವು. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು ಎಂದಾಯಿತು. ನಿವೃತ್ತಿಗೆ ಹತ್ತಿರ ಬಂದವರು, ಮಕ್ಕಳನ್ನು ಹೊರದೇಶಕ್ಕೆ ಕಳಿಸಿದವರು, ನಗರದ ಟ್ರಾಫಿಕ್ಕಿಗೆ ಸೋತವರು ಎಲ್ಲರೂ ಘಟ್ಟದ ಕಡೆ ನೋಡುತ್ತಿದ್ದಾರೆ. ಬರಲಿ. ಬಂದವರು ಉಳಿಯಬೇಕು ಎಂಬ ಆಸೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ನಾಲ್ಕು ವರ್ಷಕ್ಕೇ ಮನೆ ಮಾರಿ ಹೋಗುವವರನ್ನು ಕಂಡರೆ ಊರಿನವರಿಗೂ ಬೇಸರವಾಗುತ್ತದೆ.

ಹೆಚ್ಚಿನವರು ಊರು ಆರಿಸುವುದು ನೋಟ ನೋಡಿ. ಡಿಸೆಂಬರಿನಲ್ಲಿ ಬರುತ್ತಾರೆ, ಬೆಳಗಿನ ಮಂಜು, ಕೊಯ್ಲಿಗೆ ಬಂದ ಕಾಫಿ ಹಣ್ಣು, ಅಡಕೆ ತೋಟದ ತಂಪು ನೋಡುತ್ತಾರೆ, ಮುಂಗಡ ಕೊಟ್ಟು ಹೋಗುತ್ತಾರೆ. ನನ್ನ ಮಟ್ಟಿಗೆ ಮೊದಲು ನೋಡಬೇಕಾದ್ದು ಬೇರೆ. ಎದೆನೋವು ಬಂದವರನ್ನು ಜುಲೈ ತಿಂಗಳ ರಾತ್ರಿ ದೊಡ್ಡಾಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಘಾಟಿ ಇದೆಯೇ, ಇಲ್ಲವೇ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಪಟ್ಟಿಯಲ್ಲಿರುವ ಅರ್ಧ ಊರುಗಳು ತಾವಾಗಿಯೇ ಹಿಂದೆ ಸರಿಯುತ್ತವೆ.

ಇದಕ್ಕೆ ಕಾರಣ ಆಸ್ಪತ್ರೆಗಳು ಹಂಚಿಹೋಗಿರುವ ರೀತಿ. ಹೃದಯ, ಮೆದುಳು, ದೊಡ್ಡ ಅಪಘಾತ ಎಂದರೆ ಘಟ್ಟದ ಮೇಲಿನವರಿಗೂ ಮೊದಲು ನೆನಪಾಗುವುದು ಮಣಿಪಾಲ, ಮಂಗಳೂರು. ಮಣಿಪಾಲದ ವೈದ್ಯಕೀಯ ಕಾಲೇಜು 1953ರದ್ದು. ಎರಡು ಮೂರು ತಲೆಮಾರು ಮಲೆನಾಡಿಗರು ಅದನ್ನೇ ನಂಬಿಕೊಂಡು ಘಾಟಿ ಇಳಿದಿದ್ದಾರೆ. ಆದರೆ ಇಳಿಯುವ ದಾರಿಗಳ ಪಾಡು ಹೇಗಿದೆ ನೋಡಿ. ಶಿರಾಡಿಯಲ್ಲಿ ಮಳೆಗಾಲ ಬಂತೆಂದರೆ ಸಕಲೇಶಪುರದಾಚೆ ದೋಣಿಗಾಲ್ ಬಳಿ ರಸ್ತೆ ಕುಸಿದ ಸುದ್ದಿ ಮತ್ತೆ ಮತ್ತೆ ಬರುತ್ತದೆ. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಾಟಿ ಹಲವೆಡೆ ಜರಿದು ತಿಂಗಳುಗಟ್ಟಲೆ ಸರಿಯಾಗಿ ತೆರೆಯಲಿಲ್ಲ. ಅದರ ಹಿಂದಿನ ವರ್ಷ ಮಡಿಕೇರಿ–ಸಂಪಾಜೆ ರಸ್ತೆ ಜೋಡುಪಾಲದ ಆಸುಪಾಸಿನಲ್ಲಿ ಕೊಚ್ಚಿಹೋಗಿತ್ತು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಮಳೆಗಾಲಕ್ಕೆ ಭಾರಿ ವಾಹನ ಬಿಡುವುದಿಲ್ಲ, ಮರ ಬಿದ್ದರೆ ಸಣ್ಣ ಗಾಡಿಯೂ ಕಾಯಬೇಕು. ರೈಲನ್ನಾದರೂ ನಂಬೋಣವೆಂದರೆ, ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ 55 ಕಿ.ಮೀ. ಹಳಿ 57 ಸುರಂಗಗಳಲ್ಲಿ ಹಾದುಹೋಗುತ್ತದೆ. 2024ರ ಜುಲೈನಲ್ಲಿ ಎಡಕುಮೇರಿ ಬಳಿ ಹಳಿಯಡಿಯ ಮಣ್ಣು ಜಾರಿ ಸುಮಾರು ಎರಡು ವಾರ ರೈಲು ಓಡಲಿಲ್ಲ.

ಉತ್ತರ ಕನ್ನಡದವರ ಕಷ್ಟವಂತೂ ಇನ್ನೂ ದೊಡ್ಡದು. ಕಾರವಾರದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಆಗಿದೆ. ಆದರೂ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಜನ ವರ್ಷಗಳಿಂದ ಕೂಗುತ್ತಲೇ ಇದ್ದಾರೆ. 2022ರ ಜುಲೈನಲ್ಲಿ ಹೊನ್ನಾವರದ ಕಡೆಯಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ಜನ ಸತ್ತ ದೃಶ್ಯವನ್ನು ನಾಡಿಗೆ ನಾಡೇ ನೋಡಿತು. ಆಮೇಲೆ ಆ ಕೂಗು ಇನ್ನೂ ಜೋರಾಯಿತು.

ಈ ಅಳತೆಗೋಲು ಹಿಡಿದು ಊರುಗಳನ್ನು ನೋಡೋಣ. ಮೊದಲು ಘಟ್ಟದ ಕೆಳಗೆ. ಕಾರ್ಕಳ, ಮೂಡುಬಿದಿರೆ, ಬೆಳ್ತಂಗಡಿ, ಪುತ್ತೂರು, ಸುಳ್ಯ ಇವೆಲ್ಲ ಸಹ್ಯಾದ್ರಿಯ ಪಶ್ಚಿಮದ ಬುಡದಲ್ಲಿ ಸಾಲಾಗಿ ಕೂತ ಊರುಗಳು. ದಕ್ಷಿಣ ಕನ್ನಡದ ಸರಾಸರಿ ಮಳೆಯೇ 4000 ಮಿ.ಮೀ. ಹತ್ತಿರ ಹೋಗುತ್ತದೆ, ಮಳೆಗೆ ಇಲ್ಲಿ ಬರವಿಲ್ಲ. ಸೆಕೆಗೂ ಇಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಫ್ಯಾನಿನಡಿ ಕೂತರೂ ಅಂಗಿ ಮೈಗಂಟುತ್ತದೆ, ಬೆಂಗಳೂರಿನ ಹವೆಗೆ ಒಗ್ಗಿದವರಿಗೆ ಮೊದಲ ಬೇಸಿಗೆ ಕಠಿಣ. ಇಷ್ಟು ಸಹಿಸಿಕೊಂಡರೆ ಬಾಕಿ ಎಲ್ಲ ಅನುಕೂಲ. ಪುತ್ತೂರಿನಿಂದ ಮಂಗಳೂರಿಗೆ ಐವತ್ತು ಕಿ.ಮೀ., ನಡುವೆ ಘಾಟಿಯಿಲ್ಲ, ರೈಲೂ ಇದೆ. ಕಾರ್ಕಳದಿಂದ ಮಣಿಪಾಲ ಅದಕ್ಕೂ ಹತ್ತಿರ. ಸುಳ್ಯ ದೂರವಾದರೂ ಅಲ್ಲೇ ಒಂದು ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ದಶಕಗಳ ಕಾಲ ಬದುಕಿದ್ದು ಪುತ್ತೂರಿನಲ್ಲಿ. ಅವರ ಬಾಲವನ ಇವತ್ತಿಗೂ ಪರ್ಲಡ್ಕದಲ್ಲಿದೆ. ಹೊರಗಿನಿಂದ ಬಂದವರನ್ನು ಒಳಗೆ ಕರೆದುಕೊಳ್ಳುವ ಗುಣ ಆ ಊರಿಗೆ ಹಳೆಯದು. ಕ್ಯಾಂಪ್ಕೋ ಚಾಕಲೇಟ್ ಕಾರ್ಖಾನೆ, ಅಡಕೆ ಮಂಡಿ, ಕಾಲೇಜುಗಳು ಇರುವುದರಿಂದ ಊರಲ್ಲಿ ವರ್ಷಪೂರ್ತಿ ಓಡಾಟವಿದೆ, ಪ್ರವಾಸಿಗರನ್ನೇ ನೆಚ್ಚಿಕೊಂಡ ಊರಲ್ಲ.

ಘಟ್ಟದ ಮೇಲೆ ಬಂದರೆ ಲೆಕ್ಕ ಬೇರೆ. ಶೃಂಗೇರಿ, ಕೊಪ್ಪ, ಕಳಸ, ಮೂಡಿಗೆರೆ ಇವುಗಳ ಚೆಲುವಿಗೆ ಸರಿಸಾಟಿಯಿಲ್ಲ. ಮೂಡಿಗೆರೆಯ ತೋಟದಲ್ಲಿ ಕೂತು ತೇಜಸ್ವಿ ಒಂದು ಇಡೀ ಕಾಡನ್ನು ನಮಗೆ ತೋರಿಸಿದರು. ಆದರೆ ಶೃಂಗೇರಿ, ಕಳಸದಿಂದ ಕರಾವಳಿಗೆ ಹೋಗುವುದಿದ್ದರೆ ಘಾಟಿ ಇಳಿಯಲೇಬೇಕು, ಶಿವಮೊಗ್ಗ ಅಥವಾ ಚಿಕ್ಕಮಗಳೂರಿಗೆ ಹೋಗುವುದಿದ್ದರೆ ಗುಡ್ಡದ ತಿರುವುಗಳಲ್ಲಿ ತಾಸುಗಟ್ಟಲೆ ಸುತ್ತಬೇಕು. ಮೂಡಿಗೆರೆಗೆ ಚಿಕ್ಕಮಗಳೂರು ಮೂವತ್ತು ಕಿ.ಮೀ. ಅಳತೆಯಲ್ಲಿ ಇರುವುದೊಂದೇ ಆಸರೆ. ಗಟ್ಟಿಮುಟ್ಟಾದವರು, ತೋಟ ಮಾಡುವ ಛಲವುಳ್ಳವರು ಇಲ್ಲಿಗೆ ಬರಲಿ. ಎಪ್ಪತ್ತು ದಾಟಿದ ಅಪ್ಪ ಅಮ್ಮನನ್ನು ಕರೆದುಕೊಂಡು ಬರುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

ಚಿಕ್ಕಮಗಳೂರು ಸ್ವತಃ ಗುಡ್ಡದ ಪೂರ್ವದ ಮಗ್ಗುಲಲ್ಲಿದೆ. ಸಾವಿರ ಮೀಟರಿಗೂ ಎತ್ತರ, ಆದರೂ ಮಳೆ ಹದ. ಜಿಲ್ಲಾ ಕೇಂದ್ರ, ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಹಾಸನಕ್ಕೆ, ಬೆಂಗಳೂರಿಗೆ ಘಾಟಿಯಿಲ್ಲದ ದಾರಿ. 2013ರಲ್ಲಿ ಕಡೂರಿನಿಂದ ರೈಲು ಬಂತು. ಕೊರತೆ ಎಂದರೆ ವಾರದ ಕೊನೆ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಹೊರಟ ಕಾರುಗಳ ಸಾಲಿನಲ್ಲಿ ಊರಿನವರು ಹಾಲು ತರುವುದಕ್ಕೂ ಕಾಯಬೇಕಾಗುತ್ತದೆ, ಜಾಗದ ಬೆಲೆಯೂ ಪ್ರವಾಸಿಗರ ಜೇಬಿನ ಲೆಕ್ಕದಲ್ಲೇ ಏರಿದೆ. ಸಕಲೇಶಪುರದಲ್ಲೂ ಇದೇ ಕತೆ. ಹಾಸನ ನಲವತ್ತೇ ಕಿ.ಮೀ. ದೂರದಲ್ಲಿರುವುದು ಅದರ ಪುಣ್ಯ.

ಸಾಗರದ ಮೇಲೆ ನನಗೆ ಒಲವು, ಅದನ್ನು ಮುಚ್ಚಿಡುವುದಿಲ್ಲ. ಶಿವಮೊಗ್ಗ ಎಪ್ಪತ್ತು ಚಿಲ್ಲರೆ ಕಿ.ಮೀ., ರಸ್ತೆ ಸಪಾಟು. ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, 2023ರಿಂದ ವಿಮಾನ ನಿಲ್ದಾಣ. ಸಾಗರದ ಜಂಬಗಾರು ನಿಲ್ದಾಣದಿಂದ ಬೆಂಗಳೂರು, ಮೈಸೂರಿಗೆ ರೈಲು. ಪಕ್ಕದ ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ. ಸಂಜೆ ನಾಟಕ ನೋಡಿ ಮನೆಗೆ ಬರಬಹುದಾದ ಸಣ್ಣ ಊರು ಕರ್ನಾಟಕದಲ್ಲಿ ಎಷ್ಟಿವೆ? 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಗೋಳೂ ತಪ್ಪಿದೆ. ತೀರ್ಥಹಳ್ಳಿಯನ್ನೂ ಇದೇ ಸಾಲಿನಲ್ಲಿ ಇಡಬಹುದು: ತುಂಗೆಯ ದಡ, ಓದುವ ಬರೆಯುವ ಜನ, ಶಿವಮೊಗ್ಗಕ್ಕೆ ಅರವತ್ತು ಕಿ.ಮೀ. ರೈಲೊಂದಿಲ್ಲ.

ಶಿರಸಿಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ವ್ಯಾಪಾರಕ್ಕೆ ಇಷ್ಟು ಗಟ್ಟಿಯಾದ ಊರು ಮಲೆನಾಡಿನಲ್ಲಿ ಅಪರೂಪ. 1923ರಲ್ಲಿ ಹುಟ್ಟಿದ ತೋಟಗಾರರ ಸೇಲ್ ಸೊಸೈಟಿ, ಜನರ ಬಾಯಲ್ಲಿ ಟಿಎಸ್ಎಸ್, ಅಡಕೆ ವಹಿವಾಟಿನಿಂದ ಹಿಡಿದು ದಿನಸಿಯವರೆಗೆ ಊರನ್ನು ಹೊತ್ತು ನಿಂತಿದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದರೆ ಇಡೀ ಸೀಮೆ ಅಲ್ಲಿ ಸೇರುತ್ತದೆ. ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿ ನೂರು ಕಿ.ಮೀ. ದೂರ, ಕುಮಟೆಗೆ ಇಳಿಯಬೇಕಾದರೆ ದೇವಿಮನೆ ಘಾಟಿ. ಆದರೆ ಹುಬ್ಬಳ್ಳಿಯ ದಾರಿಯಲ್ಲಿ ಘಾಟಿಯಿಲ್ಲ, ಮುಂಡಗೋಡ ಕಡೆ ಹೋದಂತೆ ಮಳೆಯೂ ಕಡಿಮೆಯಾಗುತ್ತದೆ. ನೂರು ಕಿ.ಮೀ. ಸಪಾಟು ದಾರಿ ಐವತ್ತು ಕಿ.ಮೀ. ಘಾಟಿಗಿಂತ ಮೇಲು ಎಂಬುದು ಅಲ್ಲಿನ ಆಂಬುಲೆನ್ಸ್ ಓಡಿಸುವವರೆಲ್ಲ ಬಲ್ಲ ಮಾತು.

ಕೊಡಗಿನಲ್ಲಿ ರೈಲು ಎಂಬುದೇ ಇಲ್ಲ. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ, ಅದಕ್ಕೂ ಮೀರಿದ್ದಕ್ಕೆ ಮೈಸೂರು. ಮಡಿಕೇರಿಗಿಂತ ಕುಶಾಲನಗರ ಮೈಸೂರಿಗೆ ಹತ್ತಿರ, ಮಳೆ ಕಡಿಮೆ, ನೆಲ ಸಮ. ನಿವೃತ್ತರು ಅಲ್ಲಿಗೇ ಬರುತ್ತಿರುವುದರಲ್ಲಿ ಆಶ್ಚರ್ಯವಿಲ್ಲ. ಒಂದೇ ಎಚ್ಚರಿಕೆ: 2018ರಲ್ಲೂ 2019ರಲ್ಲೂ ಕಾವೇರಿ ಉಕ್ಕಿ ಹೊಳೆಬದಿಯ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತ್ತು. ನಿವೇಶನ ತೋರಿಸುವವರು ಇದನ್ನು ಹೇಳುವುದಿಲ್ಲ. ಪಕ್ಕದ ಮನೆಯ ಅಜ್ಜಿಯನ್ನು ಕೇಳಿದರೆ ನೀರು ಎಷ್ಟನೇ ಮೆಟ್ಟಿಲಿಗೆ ಬಂದಿತ್ತು ಎಂದು ಕೈಮಾಡಿ ತೋರಿಸುತ್ತಾರೆ.

ಊರು ಗೊತ್ತಾದ ಮೇಲೆ ಜಾಗ. ಇಲ್ಲಿ ನೋಡಬೇಕಾದ್ದು ಧರೆ. ಇಳಿಜಾರು ಕಡಿದು ಮನೆಗೆ ತಟ್ಟು ಮಾಡಿದಾಗ ಹಿಂದೆ ನಿಲ್ಲುವ ಮಣ್ಣಿನ ಗೋಡೆಗೆ ನಾವು ಧರೆ ಅನ್ನುತ್ತೇವೆ. ಮೊದಲಿನವರು ಮನೆಗೂ ಧರೆಗೂ ನಡುವೆ ಅಂಗಳದಷ್ಟು ಜಾಗ ಬಿಡುತ್ತಿದ್ದರು, ಮೇಲಿನ ನೀರು ಬೇರೆ ಕಡೆ ಹೋಗಲು ಬಸಿಗಾಲುವೆ ತೋಡುತ್ತಿದ್ದರು, ಧರೆಯನ್ನು ನೆಟ್ಟಗೆ ಕಡಿಯದೆ ಓರೆ ಬಿಡುತ್ತಿದ್ದರು. ಜೆಸಿಬಿ ಬಂದ ಮೇಲೆ ಅಡುಗೆಮನೆ ಕಿಟಕಿಯಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರ, ಎರಡಾಳೆತ್ತರ ನೆಟ್ಟಗೆ ಕಡಿದ ಧರೆಗಳು ಎಲ್ಲ ಕಡೆ ಕಾಣುತ್ತವೆ. ಧರೆಯ ಮೇಲಿನ ಮರಗಳು ಬುಡದಲ್ಲಿ ಬಾಗಿದ್ದರೆ, ಬೇರು ಹೊರಗೆ ತೂಗುತ್ತಿದ್ದರೆ, ಮೇಲಿನ ನೆಲದಲ್ಲಿ ಉದ್ದದ ಬಿರುಕಿದ್ದರೆ, ಮೊದಲಿಲ್ಲದ ಕಡೆ ಜಲ ಎದ್ದು ಕೆಂಪು ನೀರು ಬರುತ್ತಿದ್ದರೆ ಆ ಜಾಗ ಬೇಡ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಮೊಣ್ಣಂಗೇರಿ ಕಡೆ ಗುಡ್ಡಗಳು ಜರಿದದ್ದು, 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ತೋಟಕ್ಕೆ ತೋಟವೇ ಜಾರಿದ್ದು, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗೆ ಕಡಿದ ಗುಡ್ಡ ಬಿದ್ದದ್ದು, ಅದಾಗಿ ಎರಡೇ ವಾರಕ್ಕೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದದ್ದು ಯಾವುದೂ ಮರೆಯುವಂಥದ್ದಲ್ಲ. ಮಳೆ ಎಲ್ಲ ಕಡೆ ಸುರಿಯುತ್ತದೆ. ಕಡಿದ ಇಳಿಜಾರು, ಮುಚ್ಚಿದ ನೀರಿನ ದಾರಿ ಇದ್ದಲ್ಲಿ ಅಪಾಯ ಹೆಚ್ಚು. ವ್ಯೂ ಪಾಯಿಂಟಿನಂಥ ಅಂಚಿನ ಜಾಗಕ್ಕೆ ಕೊಡುವ ದುಡ್ಡಿನಲ್ಲಿ ಪೇಟೆಯೊಳಗೆ ಸಮತಟ್ಟಾದ ನಿವೇಶನ ಸಿಗುತ್ತದೆ.

ಕಾಗದಪತ್ರದ ವಿಚಾರ ಬಯಲುಸೀಮೆಯ ಹಾಗಲ್ಲ. ಪಹಣಿಯಲ್ಲಿ ಎರಡು ಎಕರೆ ಇದ್ದರೆ, ಬೇಲಿಯೊಳಗೆ ಐದು ಎಕರೆ ತೋರಿಸುತ್ತಾರೆ. ಹೆಚ್ಚಿನದ್ದು ದಕ್ಷಿಣ ಕನ್ನಡದಲ್ಲಿ ಕುಮ್ಕಿ ಇರಬಹುದು, ಶಿರಸಿ–ಸಾಗರದ ಕಡೆ ಸೊಪ್ಪಿನ ಬೆಟ್ಟ, ಕೊಡಗಿನಲ್ಲಿ ಬಾಣೆ. ಸೊಪ್ಪು, ದರಗು ತರುವ ಹಕ್ಕು ಬೇರೆ, ಮನೆ ಕಟ್ಟುವ ಹಕ್ಕು ಬೇರೆ. ಡೀಮ್ಡ್ ಫಾರೆಸ್ಟ್ ಗಡಿ ಎಲ್ಲಿ ಹಾದಿದೆ ಎಂದು ಅರಣ್ಯ ಇಲಾಖೆಯಲ್ಲೇ ವಿಚಾರಿಸಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಕೊಂಡದ್ದು ನಿಲ್ಲುವುದಿಲ್ಲ. ಕಸ್ತೂರಿರಂಗನ್ ವರದಿ ಆಧರಿಸಿ ಕೇಂದ್ರ 2024ರ ಜುಲೈನಲ್ಲಿ ಹೊರಡಿಸಿದ ಕರಡಿನಲ್ಲಿ ಕರ್ನಾಟಕದ 20,668 ಚದರ ಕಿ.ಮೀ. ಪರಿಸರ ಸೂಕ್ಷ್ಮ ಪ್ರದೇಶದಲ್ಲಿದೆ. ರಾಜ್ಯ ಸಂಪುಟ ಅದನ್ನು ಒಪ್ಪಿಲ್ಲ. ಒಪ್ಪಲಿ ಬಿಡಲಿ, ನೀವು ನೋಡಿದ ಗ್ರಾಮದ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ತಿಳಿದಿರಬೇಕು.

ಇನ್ನು ದಿನನಿತ್ಯದ ಬದುಕು. ಪುನರ್ವಸು, ಪುಷ್ಯ ಮಳೆ ಹಿಡಿದರೆ ಗೋಡೆ ಬೆವರುತ್ತದೆ, ಬೀರುವಿನಲ್ಲಿಟ್ಟ ಬೆಲ್ಟಿಗೂ ಪುಸ್ತಕದ ರಟ್ಟಿಗೂ ಬೂಷ್ಟು ಬರುತ್ತದೆ, ಬಟ್ಟೆಯನ್ನು ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲೇ ಒಣಗಿಸಬೇಕು. ಪಡುವಣ ಗಾಳಿಗೆ ಇರಚಲು ಜಗಲಿಯ ಒಳಗೋಡೆವರೆಗೂ ಬರುತ್ತದೆ. ಪೇಟೆಯಲ್ಲಿ ಕರೆಂಟು ಹೋದರೆ ಅದೇ ದಿನ ಬಂದೀತು. ಒಳಗಿನ ಹಳ್ಳಿಯಲ್ಲಿ ಮರ ಬಿದ್ದು ಕಂಬ ಮುರಿದರೆ ಲೈನ್‌ಮನ್ ಒಬ್ಬನೇ ಎಷ್ಟು ಕಡೆ ಓಡಿಯಾನು? ಮೂರು ದಿನ, ನಾಲ್ಕು ದಿನ ಕತ್ತಲೆ. ಆಗ ಇನ್ವರ್ಟರೂ ಬರಿದು, ಮೋಡದಡಿ ಸೋಲಾರೂ ಸೊರಗಿರುತ್ತದೆ, ಮೊಬೈಲ್ ಟವರಿನ ಬ್ಯಾಟರಿಯೂ ಮುಗಿದಿರುತ್ತದೆ. ಮನೆಯಿಂದಲೇ ಕೆಲಸ ಮಾಡುವವರು ಪೇಟೆ ಬಿಟ್ಟು ಆಚೆ ಮನೆ ಮಾಡಬಾರದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಇಷ್ಟು ಮಳೆ ಬೀಳುವ ಕಡೆ ನೀರಿಗೆ ಕಷ್ಟವೇ ಎಂದು ಬಂದವರು ಕೇಳುತ್ತಾರೆ. ಕಷ್ಟವಿದೆ. ಜಂಬಿಟ್ಟಿಗೆ ಗುಡ್ಡಗಳು ನೀರು ಹಿಡಿದಿಟ್ಟುಕೊಳ್ಳುವುದು ಕಡಿಮೆ, ಹೊಳೆಗಳು ಬೇಗ ಹರಿದು ಕಡಲು ಸೇರುತ್ತವೆ, ಏಪ್ರಿಲ್ ಹೊತ್ತಿಗೆ ಬಾವಿಯ ತಳ ಕಾಣುತ್ತದೆ. ಬಾವಿ ನೋಡುವುದಿದ್ದರೆ ಮೇ ತಿಂಗಳ ಮೊದಲ ವಾರ ನೋಡಿ.

ಕಾಡಿನ ಜತೆ ಬದುಕುವ ರೀತಿಯನ್ನೂ ಕಲಿಯಬೇಕಾಗುತ್ತದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರದ ಅರಲಗೋಡಿನಲ್ಲಿ ಅದು ಜೀವಗಳನ್ನು ತೆಗೆಯಿತು. ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ ಕಾಡಿಗೆ ಹೋಗುವವರು ಉಣ್ಣೆ ಕಚ್ಚದಂತೆ ಡೆಪಾ ತೈಲ ಹಚ್ಚಿಕೊಳ್ಳಬೇಕು, ಮಂಗ ಸತ್ತು ಬಿದ್ದಿದ್ದರೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಪೇಟೆಯವರಿಗೆ ಈ ಭಯ ಕಡಿಮೆ. ಸಕಲೇಶಪುರ, ಆಲೂರು, ಮೂಡಿಗೆರೆ ಮತ್ತು ಕೊಡಗಿನ ತೋಟಗಳಲ್ಲಿ ಆನೆ ದಿನನಿತ್ಯದ ಸಂಗತಿ. ಅರಣ್ಯ ಇಲಾಖೆ ಮೊಬೈಲಿಗೆ ಎಚ್ಚರಿಕೆ ಕಳಿಸುತ್ತದೆ, ಬೆಳಗಿನ ವಾಕಿಂಗಿಗೆ ಹೊರಡುವ ಮುಂಚೆ ಜನ ಅದನ್ನು ನೋಡಿಕೊಳ್ಳುತ್ತಾರೆ.

ಊರಿನವರ ಬಗ್ಗೆ ಒಂದು ಮಾತು. ಪುತ್ತೂರು, ಕಾರ್ಕಳದಲ್ಲಿ ಬೀದಿಯ ಮಾತು ತುಳು, ಸುಳ್ಯದಲ್ಲಿ ಅರೆಭಾಷೆಯೂ ಕಿವಿಗೆ ಬೀಳುತ್ತದೆ. ಕನ್ನಡದಲ್ಲಿ ಮಾತಾಡಿಸಿದರೆ ಎಲ್ಲರೂ ಕನ್ನಡದಲ್ಲೇ ಉತ್ತರಿಸುತ್ತಾರೆ, ಆದರೆ ನಾಲ್ಕು ತುಳು ಮಾತು ಕಲಿತವರನ್ನು ಮನೆಯವರಂತೆ ನೋಡುತ್ತಾರೆ. ಘಟ್ಟದ ಮೇಲಿನವರು ನಿಧಾನ. ಮೊದಲ ವರ್ಷ ದೂರದಿಂದಲೇ ನೋಡುತ್ತಾರೆ, ಮದುವೆ ಮನೆಗೆ, ಸಾವಿನ ಮನೆಗೆ ನೀವು ಹೋಗತೊಡಗಿದ ಮೇಲೆ ಬಾಗಿಲು ತೆರೆಯುತ್ತದೆ. ರಸ್ತೆಗೆ ಅಡ್ಡ ಬಿದ್ದ ಮರವನ್ನು ರಾತ್ರಿ ಹನ್ನೊಂದಕ್ಕೆ ಕತ್ತಿ ಹಿಡಿದು ಬಂದು ತೆರವು ಮಾಡುವವರು ಇವರೇ. ಗೇಟು ಹಾಕಿ, ಸಿಸಿ ಕ್ಯಾಮೆರಾ ಕಟ್ಟಿ ಒಳಗೆ ಕೂತರೆ ಅವರಿಗೂ ನಿಮಗೂ ಪರಿಚಯವಾಗುವುದು ಯಾವಾಗ?

ನನ್ನ ಅಭಿಪ್ರಾಯ ಕೇಳಿದರೆ ಇಷ್ಟು. ವಯಸ್ಸಾದವರು ಮನೆಯಲ್ಲಿದ್ದು ಸೆಕೆ ತಡೆದುಕೊಳ್ಳುವಿರಾದರೆ ಪುತ್ತೂರು, ಕಾರ್ಕಳ. ತಂಪೇ ಬೇಕೆಂದಿದ್ದರೆ ಸಾಗರ. ರೈಲು ಬೇಡವೆಂದರೆ ತೀರ್ಥಹಳ್ಳಿ. ಮಳೆ ಹದವಾಗಿರಬೇಕು, ಬೆಂಗಳೂರು, ಮೈಸೂರು ಕೈಗೆಟುಕಬೇಕು ಎಂದರೆ ಚಿಕ್ಕಮಗಳೂರು ಅಥವಾ ಹೊಳೆಯಿಂದ ದೂರವಿರುವ ಕುಶಾಲನಗರದ ಎತ್ತರದ ಬಡಾವಣೆ. ಸ್ವಂತ ವಹಿವಾಟು ಮಾಡುವವರಿಗೆ ಶಿರಸಿ. ಎಲ್ಲೇ ಆದರೂ ತಾಲ್ಲೂಕು ಪೇಟೆಯೊಳಗೆ, ಸಮನೆಲದಲ್ಲಿ.

ಕೊಳ್ಳುವ ಆತುರ ಮಾತ್ರ ಬೇಡ. ಮೇ ಕೊನೆಗೆ ಬನ್ನಿ, ಒಂದು ಬಾಡಿಗೆ ಮನೆ ಹಿಡಿಯಿರಿ, ಮೃಗಶಿರದಿಂದ ಮಘೆಯವರೆಗೆ ಅಲ್ಲೇ ಇರಿ. ಮಳೆ ಹಿಡಿದ ಒಂದು ದಿನ ಆ ಊರಿನಿಂದ ದೊಡ್ಡಾಸ್ಪತ್ರೆಯವರೆಗೆ ಒಮ್ಮೆ ಹೋಗಿ ಬನ್ನಿ. ಆಮೇಲೆ ಮುಂಗಡ ಕೊಡಿ.